ಎಂಟರ್ ಒತ್ತದ ಸಾಲು

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುಬೆಳಿಗ್ಗೆ ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಅವಳು ಬಕೆಟ್ ತುಂಬಿಸಿದಳು, ಪಾತ್ರೆ ತೊಳೆದಳು. ಗಂಡನ ಮೇಜನ್ನು ಮಾತ್ರ ಒರೆಸಲಿಲ್ಲ.

ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ತನ್ನದು ಕೆಟ್ಟಿತೆಂದು, ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡುತ್ತಿದ್ದ, ಎಲ್ಲರೂ ಕಡ್ಡಿ ಎಂದೇ ಕರೆಯುವ ಸಣಕಲು ಗೆಳೆಯನಿಂದ ಅವನು ಎರವಲು ತಂದದ್ದು. ಅದರಲ್ಲಿ ಸಿ ಭಾಷೆಯಲ್ಲಿ ಅವನು ಬರೆದ ಪ್ರೋಗ್ರಾಂ ಇನ್ನೂ ಓಡುತ್ತಿತ್ತು. ಕೀಲಿಮಣೆಯಿಂದ ಒಂದೊಂದೇ ಅಕ್ಷರ ಓದಿ, ಓದಿದ್ದನ್ನೇ ಮರಳಿ ತೋರಿಸುವ ಪುಟ್ಟ ಪಾಠ. ಆವತ್ತು ಅವಳು ಊಟಕ್ಕೆ ಕರೆದಾಗ, ಬಾಯಲ್ಲಿ ಹೇಳಬೇಕಾದ ಉತ್ತರವನ್ನು ತಮಾಷೆಗೆ ಅದರಲ್ಲೇ ಟೈಪ್ ಮಾಡಲು ಹೊರಟಿದ್ದ: 'ಬಂದೆ ಕಣೇ, ಒಂದು ನಿಮಿ'. ಅಷ್ಟರಲ್ಲಿ ಕುರ್ಚಿಯಲ್ಲೇ ವಾಲಿದ್ದ, ಮತ್ತೆ ಏಳಲಿಲ್ಲ. ಎಂಟರ್ ಒತ್ತುವ ತನಕ ಸಾಲು ಪ್ರೋಗ್ರಾಮಿಗೆ ಮುಟ್ಟುವುದಿಲ್ಲ. ನಾಲಿಗೆ ತುದಿಯ ಮಾತಿನಂತೆ ನಡುವೆ ನಿಂತಿರುತ್ತದೆ. ಅವನು ಶುರುಮಾಡಿದ್ದರಲ್ಲಿ ಇನ್ನೂ ನಡೆಯುತ್ತಿದ್ದುದು ಅದೊಂದೇ.

"ಕಾವು ಕೂತ ಕೋಳಿ ಹಾಗೆ ಕಾಯ್ತೀಯಲ್ಲೇ, ಅದೇನು ಮರಿ ಮಾಡುತ್ತಾ?" ಎಂದ ಅತ್ತೆ, ಅಂದದ್ದಕ್ಕೆ ತಾವೇ ನೊಂದು ಒಳಗೆ ಹೋದರು.

ಬಾಗಿಲಲ್ಲಿ ಕಡ್ಡಿ ಬಂದು ನಿಂತ. "ಅತ್ತಿಗೆ, ಕೇಳೋಕೆ ನಾಲಿಗೆ ಏಳ್ತಿಲ್ಲ. ನಾಳೆ ಪರೀಕ್ಷೆ. ಪ್ರಶ್ನೆಗಳೆಲ್ಲ ಅದರಲ್ಲೇ ಇವೆ."

"ಗೊತ್ತು. ನಿಲ್ಲಿಸಿ ಕೊಡ್ತೀನಿ."

"ನಾನೇ ಆಫ್ ಮಾಡ್ಕೋತೀನಿ ಬಿಡಿ."

"ಬೇಡ."

ಅವಳೂ ಇದನ್ನೇ ಓದಿದವಳು. ಎಂಟರ್ ಕೂಡ ಒಂದು ಅಕ್ಷರವೇ. ಒತ್ತಿದರೆ ಅವನ ಸಾಲಿಗೆ ತನ್ನದೊಂದು ಸೇರಿಬಿಡುತ್ತದೆ. ಹಾಗಾಗಿ 'ಇನ್ನು ಮುಗಿಯಿತು' ಎಂದು ತಿಳಿಸುವ ಕಂಟ್ರೋಲ್-ಡಿ ಒತ್ತಿದಳು. ಖಾಲಿ ಸಾಲಾದರೆ ಅದು ಪ್ರೋಗ್ರಾಂ ಅನ್ನು ಒಮ್ಮೆಗೇ ಮುಗಿಸುತ್ತದೆ. ಅರ್ಧ ಸಾಲಿದ್ದರೆ ಇದ್ದಷ್ಟನ್ನು ಒಳಗೆ ದೂಡುತ್ತದೆ, ಅಷ್ಟೇ. ಅದನ್ನು ಮರೆತಿದ್ದಳು.

ಅವನು ಬರೆದದ್ದರ ಪಕ್ಕಕ್ಕೇ, ನಡುವೆ ಜಾಗವೂ ಬಿಡದೆ, ಉತ್ತರ ಮೂಡಿತು: 'ಬಂದೆ ಕಣೇ, ಒಂದು ನಿಮಿ'.

ಅವಳ ಕೈ ಕೀಲಿಗಳ ಮೇಲೇ ಉಳಿಯಿತು.

"ಇನ್ನೊಂದು ಸಲ ಒತ್ತಬೇಕು ಅತ್ತಿಗೆ," ಎಂದ ಕಡ್ಡಿ, ನೆಲ ನೋಡುತ್ತ.

"ಗೊತ್ತು ಕಣೋ."

"ಏನನ್ನುತ್ತೆ ಅದು?" ಒಳಗಿನಿಂದ ಅತ್ತೆ ಕೇಳಿದರು.

"ಬಂದೆ ಅನ್ನುತ್ತೆ, ಅತ್ತೆ."

ಕಡ್ಡಿ ಮುಖ ತಿರುಗಿಸಿಕೊಂಡ. ಅವಳು ಎರಡನೇ ಸಲ ಒತ್ತಿದಳು. ಪ್ರೋಗ್ರಾಂ ಮುಗಿಯಿತು.

ಚಾರ್ಜರ್ ಕಿತ್ತು, ವೈರನ್ನು ಸುತ್ತಿ, ಲ್ಯಾಪ್‌ಟಾಪ್ ಮುಚ್ಚಿ ಕಡ್ಡಿಯ ಕೈಗಿತ್ತಳು.

"ಅಡಿಯಲ್ಲಿ ಹಿಡೀಬೇಡ," ಎಂದಳು. "ಬಿಸಿಯಿದೆ."