ಮೂಟೆ ಹೊಲಿಗೆ

"ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ," ಎಂದ ಟೈಲರ್ ಅಂಗಡಿಯ ಯಜಮಾನ. "ನಿನ್ನ ಮಾತಿನ ಎಳೆತ ಕೇಳಿದ್ರೆ ಸಾಕು, ಎಲ್ಲಿಂದ ಬಂದು ಬಿದ್ದವಳು ಅಂತ ಕೋಟು ಹೊಲಿಸೋಕೆ ಬರೋ ಮುಖಂಡರಿಗೆ ಗೊತ್ತಾಗುತ್ತೆ. ಅಂಗಡಿಗೆ ಬೆಂಕಿ ಇಡ್ತಾರೆ. ಯಾರಾದ್ರೂ ಕೇಳಿದ್ರೆ ಮೂಗಿ ಅಂತೀನಿ. ತಿಳೀತಾ?"

ಅವಳು ತಲೆಯಾಡಿಸಿ ಪೆಡಲ್ ತುಳಿದಳು. ಹೋದ ತಿಂಗಳವರೆಗೆ ಆ ಮಿಷನ್ನಿನ ಮುಂದೆ ಕೂರುತ್ತಿದ್ದವನು ಅವಳ ಗಂಡ. ಅವನಂತೆ ಕೋಟು ಹೊಲಿಯುವವರು ಆ ಬೀದಿಯಲ್ಲಿರಲಿಲ್ಲ. ಅವನ ಕೆಲಸ ಕಲಿತವಳು ಇವಳೊಬ್ಬಳೇ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ತಾಯಿಯ ಜೊತೆ ತಮ್ಮ ಭಾಷೆಯಲ್ಲಿ ಮಾತಾಡಿದ್ದೇ ಅವನ ತಪ್ಪು. ಮುಖಂಡನ ಕಡೆಯವರು ಕೆಳಗಿಳಿಸಿ, ಏನು ಕೆಲಸ ಎಂದು ವಿಚಾರಿಸಿಕೊಂಡು, ಆಮೇಲೆ ಬಲಗೈಯನ್ನೇ ಆರಿಸಿ ಮುರಿದಿದ್ದರು. ಈಗ ಅವನ ಅಂಗಿಯ ಗುಂಡಿಯನ್ನೂ ಇವಳೇ ಹಾಕಬೇಕು.

ಮೂರು ದಿನ ಹಲ್ಲು ಕಚ್ಚಿ ಅದೇ ಮುಖಂಡನ ಕೋಟು ಹೊಲಿದಳು. ಅದನ್ನು ತೊಟ್ಟು ಅವನು ಮೈದಾನದಲ್ಲಿ ಕೈಯೆತ್ತಿ, ಹೊರಗಿನವರನ್ನೆಲ್ಲ ಗಡಿ ದಾಟಿಸುತ್ತೇನೆಂದು ಆಣೆ ಮಾಡುವವನಿದ್ದ. ಎಲ್ಲವನ್ನೂ ಗಂಡ ಕಲಿಸಿದಂತೆಯೇ ಹೊಲಿದಳು, ಬಲತೋಳನ್ನು ಭುಜಕ್ಕೆ ಕೂಡಿಸುವ ಜಾಗವೊಂದನ್ನು ಬಿಟ್ಟು. ಅಲ್ಲಿ ಹಾಕಿದ್ದು ಮೂಟೆ ಹೊಲಿಗೆ. ಮದುವೆಗೆ ಮುಂಚೆ ಗೋದಾಮಿನಲ್ಲಿ ಮೂಟೆಗಳ ಬಾಯಿ ಹೊಲಿದು ಪಳಗಿದ ಕೈ ಅವಳದು. ಆ ಹೊಲಿಗೆ ನೋಡಲು ಬಲು ಗಟ್ಟಿ, ಆದರೆ ತುದಿಗೆ ಗಂಟಿಲ್ಲದಿದ್ದರೆ ಒಂದು ಎಳೆತಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅವಳು ಗಂಟು ಹಾಕಲಿಲ್ಲ.

ಸಭೆಯ ದಿನ ಬೆಳಿಗ್ಗೆ ಮುಖಂಡ ಹಿಂಬಾಲಕರನ್ನೂ ಕ್ಯಾಮೆರಾದವರನ್ನೂ ಕಟ್ಟಿಕೊಂಡು ಬಂದ. ಕೋಟು ತೊಟ್ಟು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿದ.

"ನೋಡ್ರಯ್ಯಾ, ಇದು ನಮ್ಮವರ ಕೈಕೆಲಸ. ಆ ಬೇವರ್ಸಿಗಳಿಗೆ ಇಂಥದ್ದು ಬರುತ್ತಾ?"

"ಎಲ್ಲಿ ಬರುತ್ತೆ ಸಾರ್," ಯಜಮಾನ ಹಲ್ಲು ಕಿಸಿದ.

"ಇವಳ್ಯಾರು?"

"ಹೊಲಿದವಳು ಸಾರ್. ನಮ್ಮವಳೇ. ಪಾಪ, ಮೂಗಿ."

"ಇಂಥ ಹೆಂಗಸು ಮನೆಗೊಬ್ಬಳು ಬೇಕು ಕಣಯ್ಯಾ," ಎಂದ ಮುಖಂಡ. ಎಲ್ಲರೂ ನಕ್ಕರು. ಅವನು ಬಲಗೈ ಎತ್ತಿ ಕಂಕುಳು ತೋರಿಸಿದ. "ಏ ಮೂಗಿ, ಇಲ್ಲೊಂದು ದಾರ ನೇತಾಡ್ತಿದೆ. ಕತ್ತರಿಸು."

ಅವಳು ಕತ್ತರಿ ಹಿಡಿದು ಹತ್ತಿರ ಬಂದಳು. ಕತ್ತರಿಸಲಿಲ್ಲ. ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿ ಎಳೆದಳು. ಹೊಲಿಗೆ ಸರ್ರನೆ ಬಿಚ್ಚಿತು. ಮುಖಂಡ ಬೆಚ್ಚಿ ಕೈ ಇಳಿಸಿದ್ದೇ ತಡ, ಕೋಟಿನ ಇಡೀ ತೋಳು ಕಳಚಿ ಮೊಣಕೈಗೆ ಜಾರಿತು. ಯಾರದೋ ಕ್ಯಾಮೆರಾ ಕ್ಲಿಕ್ಕೆಂದಿತು.

"ನನ್ನ ಗಂಡನ ಕೈ ಮುರಿಸಿದ್ಯಲ್ಲ, ಅದಕ್ಕೆ ಇದು," ಎಂದಳು. ಮಾತಿನ ಎಳೆತವನ್ನು ಅಡಗಿಸಲಿಲ್ಲ, ಬೇಕೆಂದೇ ಎಳೆದಳು. "ಈಗ ಎತ್ತು ಕೈ. ಮಾಡು ಆಣೆ, ಬೋಳಿಮಗನೆ."

ಯಜಮಾನ ಮೇಜಿನ ಹಿಂದೆ ಕುಕ್ಕರಿಸಿದ. ಹಿಂಬಾಲಕರಲ್ಲೊಬ್ಬ ಕ್ಯಾಮೆರಾದವರನ್ನು ಹೊರಗೆ ನೂಕಿ ಅಂಗಡಿಯ ಶಟರ್ ಕೆಳಗೆಳೆದ. ಅವಳು ಬೆನ್ನಿಗೆ ಗೋಡೆ ತಾಗುವವರೆಗೆ ಹಿಂದೆ ಸರಿದಳು. ಗಂಡ ತನ್ನ ಕೈಯಾರೆ ಸಾಣೆ ಹಿಡಿದಿದ್ದ ಕತ್ತರಿ ಇನ್ನೂ ಅವಳ ಕೈಯಲ್ಲಿತ್ತು.