ಹಲ್ಲಿನ ಕಲೆಗೆ ವೆಲ್ಡಿಂಗ್ ಮಾಸ್ಕ್

ಶಾಲೆಯ ನಾಟಕದಲ್ಲಿ ವೆಲ್ಡಿಂಗ್ ಅಂಗಡಿಯವರ ಮಗಳಿಗೆ ಮಾತುಮಾತಿಗೂ ಗಹಗಹಿಸಿ ನಗುವ ರಾಣಿಯ ಪಾತ್ರ ಸಿಕ್ಕಿತ್ತು. ಆದರೆ ರಾಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಿದ್ದಳು. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಸಿಡಿದಂತೆ ಬಿಳಿ ಕಲೆ. "ಕೈ ತೆಗೆಯದಿದ್ದರೆ ಪಾತ್ರ ಬೇರೆಯವರಿಗೆ ಹೋಗುತ್ತೆ" ಎಂದು ಟೀಚರ್ ಹೇಳಿಬಿಟ್ಟರು. ಅವತ್ತಿನಿಂದ ಹುಡುಗಿ ಗೋಡೆ ಕಡೆ ತಿರುಗಿ ಊಟ ಮಾಡತೊಡಗಿದಳು.

ಅಪ್ಪ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಹೇಳಿಕೊಟ್ಟರು. "ತುಕ್ಕಿನ ಹಾಗೇ ಕಣಮ್ಮ, ಉಜ್ಜಿದರೆ ಹೋಗುತ್ತೆ." ಅವಳು ಇದ್ದಿಲಿನಲ್ಲಿ ಉಜ್ಜಿದಳು, ನಿಂಬೆಹಣ್ಣಿನಲ್ಲೂ ಉಜ್ಜಿದಳು. ಕಲೆ ಇದ್ದಲ್ಲೇ ಇತ್ತು, ಹಲ್ಲು ಜುಮ್ಮೆನ್ನಲು ಶುರುವಾಯಿತು.

ಪಕ್ಕದ ಮನೆಯ ನರ್ಸಕ್ಕನಿಗೆ ಸಿಟ್ಟೇ ಬಂತು. "ಅಣ್ಣ, ಅದು ಗೇಟಲ್ಲ, ಹಲ್ಲು. ಹಲ್ಲಿನ ಡಾಕ್ಟರಿಗೆ ತೋರಿಸಿ. ಕೆಲವು ಕಲೆಗೆ ಬೆಳಕು ಬಳಸಿ ಚಿಕಿತ್ಸೆ ಮಾಡ್ತಾರೆ."

"ಬೆಳಕಾ?" ಅಪ್ಪ ಕೂತಲ್ಲಿಂದ ಎದ್ದೇಬಿಟ್ಟರು. "ಬೆಳಕಿನ ವಿಷಯ ನನಗೆ ಹೇಳ್ಬೇಡ ತಂಗಿ. ಎಷ್ಟು ಸಲ ಕಣ್ಣು ಉರಿಸ್ಕೊಂಡಿದ್ದೀನಿ. ಮಗಳ ಬಾಯಲ್ಲಿ ವೆಲ್ಡಿಂಗ್ ಮಾಡಿಸಲ್ಲ."

ಮಗಳು ಅತ್ತಳು, ಅಪ್ಪ ಸೋತರು. ಆದರೆ ಹಲ್ಲಿನ ಡಾಕ್ಟರ ಹತ್ತಿರ ಬರಿಗೈಯಲ್ಲಿ ಹೋಗಲಿಲ್ಲ. ಅವಳು ಡಾಕ್ಟರ ಕುರ್ಚಿಗೆ ಒರಗಿದ್ದೇ ತಡ, ಚೀಲದಿಂದ ತಮ್ಮ ವೆಲ್ಡಿಂಗ್ ಮಾಸ್ಕ್ ತೆಗೆದು ಅವಳ ಮುಖಕ್ಕೆ ಹಾಕಿದರು.

ಡಾಕ್ಟರಮ್ಮ ಮಾಸ್ಕಿನ ಮೇಲೆ ಬೆರಳಿನಿಂದ ತಟ್ಟಿದರು. "ಯಜಮಾನ್ರೇ, ಈಗ ನಾನು ಹಲ್ಲು ಎಲ್ಲಿ ಹುಡುಕಲಿ?"

ಮಾಸ್ಕ್ ಅಪ್ಪನ ಕೈಗೆ ವಾಪಸ್ ಬಂತು. ಮಗಳ ಕಣ್ಣಿಗೆ ಕಿತ್ತಳೆ ಬಣ್ಣದ ಕನ್ನಡಕ ಏರಿತು. ಡಾಕ್ಟರಮ್ಮ ಹಲ್ಲಿನ ಹಿಂದೆ ಪುಟ್ಟ ದೀಪ ಹಿಡಿದು ಕಲೆ ಎಷ್ಟು ಆಳ ಎಂದು ಪರೀಕ್ಷಿಸಿದರು. "ಹುಳುಕಲ್ಲ, ಮೇಲಿನ ಪದರದ ಕಲೆ. ಹಲ್ಲಿಗೆ ಔಷಧಿ ಹಚ್ಚಿ, ಕಲೆಯೊಳಗೆ ಇಳಿಯೋ ತೆಳ್ಳನೆ ಅಂಟು ಹಾಕ್ತೀನಿ. ನೀಲಿ ಬೆಳಕು ಬಿದ್ದರೆ ಅದು ಗಟ್ಟಿಯಾಗುತ್ತೆ. ಕಲೆ ಪೂರ್ತಿ ಮಾಯವಾಗದೇ ಇರಬಹುದು, ಆದ್ರೆ ಎದ್ದು ಕಾಣಲ್ಲ."

"ಕಿಡಿ?"

"ಹಾರಲ್ಲ."

"ಹೊಗೆ?"

"ಬರಲ್ಲ."

ಅಪ್ಪನಿಗೆ ಸಮಾಧಾನವಾಯಿತು. ಕಿಡಿಯಿಲ್ಲದ್ದು ಎಂಥ ಕೆಲಸ ಎಂದು ಒಳಗೊಳಗೇ ಸ್ವಲ್ಪ ಅಸಡ್ಡೆಯೂ ಆಯಿತು. ಆದರೂ ನೀಲಿ ದೀಪ ಹತ್ತಿದಾಗ ಮಾಸ್ಕನ್ನು ತಾವೇ ಹಾಕಿಕೊಂಡು ಮೂಲೆಗೆ ಸರಿದರು.

ನಾಟಕದ ದಿನ ರಾಣಿ ಎರಡೂ ಕೈ ಸೊಂಟದ ಮೇಲಿಟ್ಟು ನಕ್ಕಳು. ಹಿಂದಿನ ಬೆಂಚಿನವರೂ ಜೊತೆಗೆ ನಕ್ಕರು. ಅಪ್ಪ ಮಾತ್ರ ಕಣ್ಣೊರೆಸಿಕೊಂಡು, "ಬೆಳಗ್ಗೆ ವೆಲ್ಡಿಂಗ್ ಬೆಳಕು ಹೊಡೀತು" ಎಂದರು. ಅವತ್ತು ಅಂಗಡಿ ಬಾಗಿಲೇ ತೆರೆದಿರಲಿಲ್ಲ ಎಂದು ಪಕ್ಕದಲ್ಲಿದ್ದ ನರ್ಸಕ್ಕನಿಗೆ ಗೊತ್ತಿತ್ತು.

ನಿಮ್ಮ ಮನೆಯಲ್ಲೂ ಯಾರಾದರೂ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಾರಾ? ಇದ್ದಿಲು, ನಿಂಬೆಹಣ್ಣು ಬದಿಗಿಡಿ. ಎಲ್ಲ ಕಲೆಗೂ ಒಂದೇ ಚಿಕಿತ್ಸೆ ಅಲ್ಲ, ಅದಕ್ಕೇ ಮೊದಲು ದಂತವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾವುದೋ ದೀಪ ಹಿಡಿದು ಪ್ರಯೋಗ ಮಾಡಬೇಡಿ. ಕಣ್ಣಿಗೆ ಬೇಕಾದ ಕನ್ನಡಕ ಅವರೇ ಕೊಡುತ್ತಾರೆ. ಮಾಸ್ಕ್ ಅಂಗಡಿಯಲ್ಲೇ ಬಿಟ್ಟು ಹೋಗಿ.