ಹಸಿರು ಪೆನ್ಸಿಲ್ಲಿನ ಉತ್ತರ

ಆ ಕಾಗದ ಬಂದದ್ದು ಗುರುವಾರ ಬೆಳಿಗ್ಗೆ, ಮೇಣ ಕರಗಿ ಹದಕ್ಕೆ ಬಂದಿದ್ದ ಹೊತ್ತಿಗೆ ಸರಿಯಾಗಿ. ಹದ ತಪ್ಪಿದರೆ ಮೇಣ ಕೈಗೆ ಅಂಟುತ್ತದೆ, ಹಲ್ಲು ಸೊಟ್ಟಗೆ ಕೂರುತ್ತದೆ. ಹಾಗಾಗಿ ಹಲ್ಲಿನ ಸೆಟ್ ಕಟ್ಟುವ ಆ ಕಾರ್ಖಾನೆಯಲ್ಲಿ ಮೇಲ್ವಿಚಾರಕ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದರೂ ಯಾರೂ ತಲೆ ಎತ್ತಲಿಲ್ಲ. ಆತ ಹೊರದೇಶದಿಂದ ಬಂದಿದ್ದ ಆರು ಜನರ ಮುಂದೆ ಮಾತ್ರ ಒಂದೊಂದು ಹಾಳೆ ಇಟ್ಟ. ತಗಡಿನ ಪೆಟ್ಟಿಗೆಯೊಂದನ್ನು ಕಿಟಕಿಯ ಹಲಗೆಯ ಮೇಲಿರಿಸಿ, ಅದರ ಬೀಗದ ಕೈಯನ್ನು ಆ ಆರು ಜನರಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದವಳ ಅಂಗೈಗೆ ಹಾಕಿ, ಸೋಮವಾರ ತೆಗೆದುಕೊಡಬೇಕೆಂದು ಹೇಳಿ, ಬಂದಷ್ಟೇ ಮೆಲ್ಲಗೆ ಹೋದ.

ಹಾಳೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಮತ್ತೊಮ್ಮೆ ಆಯ್ಕೆ ಸಿಕ್ಕರೆ ನಿಮ್ಮ ದೇಶ ಬಿಟ್ಟು ಇಲ್ಲಿಗೆ ಬರುತ್ತೀರಾ? ಕೆಳಗೆ ಮೂರು ಚೌಕ: ಬರುತ್ತೇನೆ, ಬರುವುದಿಲ್ಲ, ಹೇಳಲಾರೆ. ಅದಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ: ಹೆಸರು ಬರೆಯಬೇಡಿ.

"ನೋಡಿದ್ರಾ?" ಅಂದ ಅಚ್ಚಿನ ಮಾಮ. ಪ್ಲಾಸ್ಟರ್ ಕಲಸಿ ದವಡೆಯ ಅಚ್ಚು ಎರೆಯುವುದು ಅವನ ಕೆಲಸ. ರೆಪ್ಪೆಯವರೆಗೂ ಬಿಳಿ ಪುಡಿ ಮೆತ್ತಿಕೊಂಡೇ ಇರುತ್ತಿದ್ದ. "ಹೆಸರು ಬರೀಬೇಡಿ ಅಂತ ಯಾರಾದ್ರೂ ಹೇಳಿದ್ರೆ, ಹೆಸರು ಅವರಿಗೆ ಮೊದಲೇ ಗೊತ್ತು ಅಂತ ಅರ್ಥ ಕಣ್ರಮ್ಮ."

"ಸುಮ್ನಿರಿ ಮಾಮ, ನಿಮಗೆ ಗೋಡೆ ಮೇಲಿನ ಗಡಿಯಾರದ ಮೇಲೂ ಅನುಮಾನ," ಅಂದಳು ಅಕ್ಕ.

"ಅದು ಐದು ನಿಮಿಷ ಹಿಂದೆ ಇದೆಯೋ ಇಲ್ವೋ? ಬೇಕಂತಲೇ ಇಟ್ಟಿದ್ದಾರೆ, ನಾವು ತಡವಾಗಿ ಮನೆಗೆ ಹೋಗ್ಲಿ ಅಂತ."

ಆರು ಜನರಲ್ಲಿ ಅಕ್ಕ, ತಂಗಿ, ಮಾಮ ಈ ಮೂವರದು ಮಾತ್ರ ಒಂದೇ ಭಾಷೆ. ಅಕ್ಕ ಹದಿನೈದು ವರ್ಷದ ಹಿಂದೆ ಬಂದವಳು; ತಂಗಿಯನ್ನು ಕರೆಸಿಕೊಂಡು ಎಂಟು ವರ್ಷವಾಗಿತ್ತು. ಅಕ್ಕ ಅಕ್ಕನೆಂದೇ ಹೆಸರಾಗಿದ್ದರಿಂದ ಇವಳು ಬಂದ ದಿನವೇ ಇಡೀ ಕಾರ್ಖಾನೆಗೆ ತಂಗಿಯಾದಳು. ಬೇರೆ ಭಾಷೆಯವರೂ ನಾಲಿಗೆ ತಿರುಚಿಕೊಂಡು ತಂಗಿ ಎಂದೇ ಕೂಗುತ್ತಿದ್ದರು. ಅವರ ಬಾಯಲ್ಲಿ ಅದು ಯಾವುದೋ ಪಾತ್ರೆ ಬಿದ್ದ ಸದ್ದಿನಂತೆ ಕೇಳುತ್ತಿತ್ತು.

ತಂಗಿ ಹಾಳೆಯನ್ನು ನೋಡುತ್ತ ಕೂತಳು. ಹುಟ್ಟಿದೂರಿನಲ್ಲಿ ಅವಳು ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಇದೇ ಕೆಲಸ ಮಾಡುತ್ತಿದ್ದವಳು. ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಈಚೆ ಅವಳು ಸೆಟ್ ಕಟ್ಟಿದರೆ, ಆಚೆ ಅದನ್ನು ಬಾಯಿಗೆ ಹಾಕಿಕೊಂಡ ಮುದುಕಿ ಕನ್ನಡಿ ನೋಡಿ "ಅಯ್ಯೋ, ಮದುಮಗಳ ಹಾಗೆ ಕಾಣ್ತೀನಲ್ಲೇ" ಎಂದು ನಕ್ಕದ್ದು ಕೇಳಿಸುತ್ತಿತ್ತು. ಇಲ್ಲಿ ದವಡೆಗಳು ಡಬ್ಬಿಯಲ್ಲಿ ಬರುತ್ತವೆ, ಡಬ್ಬಿಯಲ್ಲೇ ಹೋಗುತ್ತವೆ. ಮೇಲೊಂದು ನಂಬರು. ಎಂಟು ವರ್ಷದಲ್ಲಿ ಅದೆಷ್ಟು ಸಾವಿರ ಬಾಯಿಗೆ ಹಲ್ಲು ಕೂರಿಸಿದಳೋ, ಒಂದಾದರೂ ನಕ್ಕದ್ದನ್ನು ಕಂಡವಳಲ್ಲ. ಕೆಲವೊಮ್ಮೆ ಆ ಹಲ್ಲುಗಳೆಲ್ಲ ಯಾವುದೋ ಏಳು ಬೆಟ್ಟದ ಆಚೆಗಿನ ಅರಮನೆಯಲ್ಲಿ ಬಾಯಿಗಳೇ ಇಲ್ಲದೆ ತಮ್ಮಷ್ಟಕ್ಕೆ ತಾವೇ ಕಟಕಟ ಮಾತಾಡಿಕೊಂಡು ಕೂತಿವೆ ಎನ್ನಿಸುತ್ತಿತ್ತು ಅವಳಿಗೆ.

ಕೈ ತಾನಾಗಿ ಎರಡನೆಯ ಚೌಕಕ್ಕೆ ಹೋಯಿತು. ಬರುವುದಿಲ್ಲ. ಗುರುತು ಹಾಕಿ, ನಾಲ್ಕು ಮಡಿಕೆ ಮಡಿಸಿ, ಪೆಟ್ಟಿಗೆಯ ಸೀಳಿನಲ್ಲಿ ಇಳಿಬಿಟ್ಟಳು. ಎದೆ ಹಗುರಾಯಿತು.

ಹಗುರಾದ ಎದೆ ಧಸಕ್ಕೆಂದದ್ದು ಅರ್ಧ ಗಂಟೆಯ ಮೇಲೆ, ಮುಂದಿನ ಅಚ್ಚಿನ ಮೇಲೆ ನಡುಗೆರೆ ಎಳೆಯಲು ಹೊರಟಾಗ. ಕೈಯಲ್ಲಿದ್ದದ್ದು ಹಸಿರು ಪೆನ್ಸಿಲ್. ಆ ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಅಕ್ಕನದು ಕೆಂಪು, ಮಾಮನದು ನೀಲಿ, ತಂಗಿಯದು ಹಸಿರು. ಸೆಟ್ ಕಚ್ಚುತ್ತದೆ, ಸಡಿಲವಾಗಿದೆ ಎಂದು ವಾಪಸು ಬಂದರೆ ಅಚ್ಚಿನ ಮೇಲಿನ ಗೆರೆ ನೋಡಿ ಯಾರ ಕೈಕೆಲಸವೆಂದು ಮೇಲ್ವಿಚಾರಕ ಹಿಡಿಯುತ್ತಿದ್ದ. ಇಡೀ ಕಟ್ಟಡದಲ್ಲಿ ಹಸಿರು ಗೆರೆ ಎಳೆಯುವವಳು ಅವಳೊಬ್ಬಳೇ. ಗೆರೆ ಎಳೆಯುತ್ತಿದ್ದ ಆ ಪೆನ್ಸಿಲ್ಲಿನಿಂದಲೇ ಉತ್ತರವನ್ನೂ ಬರೆದಿದ್ದಳು.

"ಮಾಮ, ನೀವು ಯಾವುದರಲ್ಲಿ ಬರೆದ್ರಿ?" ಮೆಲ್ಲಗೆ ಕೇಳಿದಳು.

"ಪೆನ್ನಲ್ಲಿ. ಅದೂ ಎಡಗೈಲಿ," ಅಂದ ಮಾಮ. "ಹೇಳಲಾರೆಗೆ ಹಾಕ್ದೆ. ನನ್ನ ಹೆಂಡ್ತಿ ಏನು ಕೇಳಿದ್ರೂ ನಂದು ಅದೇ ಉತ್ತರ, ಮೂವತ್ತು ವರ್ಷ ಸಂಸಾರ ನಡೆದಿದೆ." ಆಮೇಲೆ ಸ್ವರ ತಗ್ಗಿಸಿದ. "ಯಾಕೆ? ನಿನ್ನ ಇಲ್ಲಿರೋ ಪರವಾನಗಿ ಮುಗಿಯೋದು ಮುಂದಿನ ತಿಂಗಳೇ ಅಲ್ವಾ? ಇವರು ಸುಮ್ನೆ ಕೇಳ್ತಿಲ್ಲ, ತಂಗಿ. ಇರೋಕೆ ಮನಸ್ಸಿಲ್ಲದವರನ್ನ ಯಾಕೆ ಇಟ್ಕೊಳ್ಳೋದು ಅಂತ ಲೆಕ್ಕ ಹಾಕ್ತಿದ್ದಾರೆ."

ಅಲ್ಲಿಂದ ಮುಂದೆ ಅವಳ ಕಣ್ಣು ಪೆಟ್ಟಿಗೆಯನ್ನು ಬಿಟ್ಟು ಕದಲಲಿಲ್ಲ. ಪೆಟ್ಟಿಗೆಯ ಬೀಗದ ಕೈ ಅಕ್ಕನ ಜೇಬಿನಲ್ಲಿತ್ತು. ಹಾಗಾಗಿ ಕಣ್ಣು ಅಕ್ಕನ ಮೇಲೂ ಹೋಯಿತು. ಊಟದ ಹೊತ್ತಿಗೆ ಅಕ್ಕ ಗಾಜಿನ ಕೋಣೆಗೆ ಹೋದಳು. ಒಳಗೆ ಮೇಲ್ವಿಚಾರಕ ಏನೋ ಹೇಳಿದ, ಅಕ್ಕ ತಲೆಯಾಡಿಸಿದಳು, ಇಬ್ಬರೂ ಒಟ್ಟಿಗೆ ಹೊರಗಿನ ಕೆಲಸದ ಮೇಜಿನತ್ತ ನೋಡಿದರು. ನೋಡಿದ್ದು ತನ್ನನ್ನೇ ಎಂದು ತಂಗಿಗೆ ಖಾತ್ರಿಯಾಯಿತು. ಸಂಜೆ ಎಲ್ಲರೂ ಕೋಟು ಹಾಕಿಕೊಳ್ಳುವಾಗ ಅಕ್ಕ, "ನೀನು ನಡಿ ಮರಿ, ನನಗೆ ಸ್ವಲ್ಪ ಕೆಲಸ ಇದೆ" ಅಂದಳು. ಎಂಟು ವರ್ಷದಲ್ಲಿ ಅವಳಿಗೆ ಹಾಗೆ ಒಬ್ಬಳೇ ಉಳಿಯುವಂಥ ಕೆಲಸ ಎಂದೂ ಇದ್ದಿರಲಿಲ್ಲ.

ಶುಕ್ರವಾರ ಅಕ್ಕ ಅವಳ ಕಣ್ಣು ತಪ್ಪಿಸಿ ಓಡಾಡಿದಳು. ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಎದುರಿನ ಸೀಟಿನ ಬೆನ್ನಿಗಂಟಿದ್ದ ಜಾಹೀರಾತನ್ನು ಮೂರು ಸಲ ಓದಿದರು. ಅಕ್ಕ ತನ್ನ ಮೇಲೆ ಚಾಡಿ ಹೇಳುತ್ತಾಳೆಯೇ? ಇಲ್ಲ, ಇಲ್ಲ. ಆದರೆ ಅಕ್ಕನ ಮುಂಬಡ್ತಿಯ ಮಾತು ನಡೆಯುತ್ತಿದೆಯಲ್ಲ? ಇದ್ದರೇನು, ಅಕ್ಕ ಅಂಥವಳೇ? ಅಂಥವಳಲ್ಲ. ಹಾಗಾದರೆ ಗುರುವಾರ ಸಂಜೆ ಒಬ್ಬಳೇ ಉಳಿದದ್ದೇಕೆ?

ಶನಿವಾರ ಮಧ್ಯಾಹ್ನ ಬಟ್ಟೆ ಒಗೆಯುವ ಸರದಿ ತಂಗಿಯದು. ಮೂರನೇ ಮಹಡಿಯ ಅವರ ಎರಡು ಕೋಣೆಯ ಮನೆಯಲ್ಲಿ ಮಿಷಿನ್ನಿಗೆ ಹಾಕುವ ಮುಂಚೆ ಜೇಬು ತಡಕುವುದು ವಾಡಿಕೆ. ಮೇಣದ ತುಂಡೊಂದು ಉಳಿದರೂ ಬಟ್ಟೆಯೆಲ್ಲ ಹಾಳು. ಅಕ್ಕನ ಏಪ್ರನ್ನಿನ ಜೇಬಿನಲ್ಲಿ ಮೇಣ ಸಿಗಲಿಲ್ಲ. ಎರಡು ಹಾಳೆ ಸಿಕ್ಕವು. ಒಂದರಲ್ಲಿ ಹಸಿರು ಗುರುತು. ಇನ್ನೊಂದು ಹೊಚ್ಚ ಹೊಸದು. ಅದರಲ್ಲಿ ಕಪ್ಪು ಶಾಯಿಯಲ್ಲಿ, ಮೊದಲನೆಯ ಚೌಕಕ್ಕೆ ಗುರುತು. ಬರುತ್ತೇನೆ.

"ಅಕ್ಕಾ," ಎಂದು ಕೂಗಿದಳು. ಕೂಗಿದ ರೀತಿಗೇ ಅಕ್ಕನಿಗೆ ಗೊತ್ತಾಯಿತು. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಪೆಟ್ಟಿಗೆ ತೆಗೆದ್ಯಾ?"

"ತೆಗೆದೆ. ನೀನು ಮಡಿಸುವಾಗಲೇ ಬಣ್ಣ ಕಂಡಿತ್ತು. ಸೋಮವಾರ ಆ ಮನುಷ್ಯನ ಕೈಗೆ ಹೋದ್ರೆ ಮುಗೀತು. ಆರು ಕೊಟ್ಟಿದ್ದಾನೆ, ಆರು ಎಣಿಸ್ಕೊಳ್ತಾನೆ. ಅದಕ್ಕೇ ಇನ್ನೊಂದು ಹಾಳೆ ಬೇಕು, ಒಬ್ಬರದು ಹಾಳಾಯ್ತು ಅಂತ ಸುಳ್ಳು ಹೇಳಿ ಇಸ್ಕೊಂಡೆ."

"ನನ್ನ ಪರವಾಗಿ ನೀನೇ ಬರೆದೂಬಿಟ್ಟೆ."

"ಮತ್ತೆ? ಪರವಾನಗಿ ಬರೋ ಹೊತ್ತಲ್ಲಿ ಇಂಥದ್ದು ಬರೆಯೋಕೆ ನಿನಗೇನು ಬುದ್ಧಿ ಇಲ್ವಾ? ಎಂಟು ವರ್ಷ ಕಣೇ! ನಾನು ಎಷ್ಟು ಕಚೇರಿ ಮೆಟ್ಟಿಲು ಹತ್ತಿ ಇಳಿದು ನಿನ್ನನ್ನ ಕರೆಸ್ಕೊಂಡೆ ಅಂತ..." ಅಕ್ಕ ಅವಳ ಕೈಯಿಂದ ಹಸಿರು ಗುರುತಿನ ಹಾಳೆ ಕಿತ್ತುಕೊಂಡಳು. "ಬರಲ್ವಾ ನೀನು? ನಾನು ಕರೆದ್ರೂ?"

ಅಷ್ಟು ಹೊತ್ತು ತಂಗಿ ಕೂಡಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಎರಡು ದಿನ ತಾನು ಅಕ್ಕನನ್ನು ಕಳ್ಳಿಯೆಂಬಂತೆ ಕಣ್ಣಿಟ್ಟು ಕಾದಿದ್ದಳು. ಅಕ್ಕ ಎರಡು ದಿನ ಈ ಒಂದು ಗುರುತನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದಳು.

"ನೀನು ಏನು ಹಾಕ್ದೆ?" ಕೇಳಿದಳು.

"ಬರ್ತೀನಿ ಅಂತ. ನೂರು ಸಲ ಕೇಳಿದ್ರೂ ಬರ್ತೀನಿ. ಅಲ್ಲಿ ನನಗೆ ಉಸಿರು ಕಟ್ತಿತ್ತು, ನಿನಗೆ ಗೊತ್ತಿಲ್ಲ, ನೀನು ಚಿಕ್ಕವಳು. ನಿನಗೂ ಹಾಗೇ ಅಂತ ನಾನು..."

ತಂಗಿ ಕಪಾಟಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಹೊಸ ಹಾಳೆಯನ್ನು ಗೋಡೆಗೊತ್ತಿ, ಅಕ್ಕ ಹಾಕಿದ್ದ ಗುರುತನ್ನು ಹೊಡೆದುಹಾಕಿ, ಎರಡನೆಯ ಚೌಕಕ್ಕೆ ಹಾಕಿದಳು. ಕಪ್ಪು ಶಾಯಿ, ಯಾರದೂ ಅಲ್ಲದ ಬಣ್ಣ.

"ಹುಚ್ಚಿ! ಹಾಗಾದ್ರೆ ಹೋಗ್ಬಿಡ್ತೀಯಾ?"

"ಇಲ್ಲ ಅಕ್ಕ. ಮತ್ತೆ ಬರ್ತೀಯಾ ಅಂತ ಕೇಳಿದ್ದಾರೆ. ಹೋಗ್ತೀಯಾ ಅಂತ ಯಾರೂ ಕೇಳಿಲ್ಲ."

"ಎರಡೂ ಒಂದೇ."

"ಒಂದೇ ಅಲ್ಲ. ಗೊತ್ತಿದ್ದಿದ್ರೆ ಬರ್ತಿರಲಿಲ್ಲ. ಬಂದಾಯ್ತು. ಈಗ ನೀನಿರೋ ಮನೇನೇ ನನ್ನ ಮನೆ. ಆದ್ರೆ ಈ ಉತ್ತರ ನಂದು, ಅದನ್ನ ಬದಲಾಯಿಸಬೇಡ."

ಅಕ್ಕ ಆ ಹಾಳೆಯನ್ನು ತುಂಬ ಹೊತ್ತು ನೋಡಿದಳು, ವಾಪಸು ಬಂದ ಸೆಟ್ಟಿನಲ್ಲಿ ತಪ್ಪು ಹುಡುಕುವಾಗ ನೋಡುವ ಹಾಗೆ. ಆಮೇಲೆ ಮಡಿಸಿ ಜೇಬಿಗಿಟ್ಟುಕೊಂಡಳು.

ಸೋಮವಾರ ಆರು ಹಾಳೆ ಗಾಜಿನ ಕೋಣೆಗೆ ಹೋದವು. ತನ್ನದು ಅದರಲ್ಲಿತ್ತೋ, ಅಕ್ಕ ಮತ್ತೆ ಬದಲಾಯಿಸಿದಳೋ, ತಂಗಿಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಎರಡು ವರ್ಷದ ಪರವಾನಗಿ ಬಂತು. "ನೋಡ್ದ್ಯಾ, ಎರಡೇ ವರ್ಷ," ಅಂದ ಮಾಮ, ಹುಬ್ಬಿನ ಪುಡಿ ಕೊಡವುತ್ತ. "ಮೂರು ಕೊಡಬಹುದಿತ್ತು. ಏನೋ ಇದೆ."

ಅಕ್ಕ ಆ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಅಷ್ಟಾದರೂ, ದಿನಾ ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋದಾಗ ಅವಳ ಬೀರು ಕಿರ್ರೆನ್ನುವ ಸದ್ದು ಬಚ್ಚಲಿಗೆ ಕೇಳಿಸತೊಡಗಿತು. ಮೇಲಿನ ಖಾನೆಯಲ್ಲಿ ತಂಗಿಯ ಸೂಟ್‌ಕೇಸ್ ಇತ್ತು, ಅದರ ಪಕ್ಕದಲ್ಲಿ ಪಾಸ್‌ಪೋರ್ಟ್. ಎರಡೂ ಇದ್ದಲ್ಲೇ ಇವೆಯೇ ಎಂದು ಅಕ್ಕ ನೋಡುತ್ತಿದ್ದಳು. ಮೊದಲ ದಿನ ತಂಗಿಗೆ ಮೈಯೆಲ್ಲ ಉರಿಯಿತು. ಎರಡನೆಯ ದಿನ ನಗು ಬಂತು. ಮೂರನೆಯ ದಿನದಿಂದ ಅವಳು ಸ್ನಾನಕ್ಕೆ ಹೋಗುವಾಗ ನೀರನ್ನು ಜೋರಾಗಿ, ಹೆಚ್ಚು ಹೊತ್ತು ಬಿಡತೊಡಗಿದಳು, ಅಕ್ಕನಿಗೆ ನೋಡಲು ಸಾಕಷ್ಟು ಹೊತ್ತು ಸಿಗಲಿ ಎಂದು.